ಸೋಮವಾರದ ಬೇಸಾಯ ಪಾಠ

ಪ್ರಸಾದ ಮಾಸ್ತರರು ಬೇಸಾಯದ ಪ್ರಾತ್ಯಕ್ಷಿಕೆಯನ್ನು ಸೋಮವಾರಕ್ಕೆ ಇಟ್ಟುಕೊಂಡದ್ದೇ ಎಡವಟ್ಟಾಯಿತು.

ಗೋಪನಕೊಪ್ಪದ ಖಾಸಗಿ ಶಾಲೆಯೊಂದರಲ್ಲಿ ಅವರು ಕೃಷಿ ಕೌಶಲ ಕಲಿಸುವ ತಾತ್ಕಾಲಿಕ ಶಿಕ್ಷಕರು. ಮೂರು ವರ್ಷ ಪ್ರೊಜೆಕ್ಟರಿನ ಪರದೆಯ ಮೇಲೆಯೇ ಉತ್ತರು, ಬಿತ್ತಿದರು, ರಾಶಿಯನ್ನೂ ಮಾಡಿದರು. ಬೂಟಿಗೆ ಮಾತ್ರ ಒಂದು ಚೂರೂ ಮಣ್ಣು ಹತ್ತಲಿಲ್ಲ, ಪುಣ್ಯಾತ್ಮರದ್ದು! ಈಗ ಸಂಸ್ಥೆಯ ಅಧ್ಯಕ್ಷ, ಹತ್ತಿ ವ್ಯಾಪಾರಿ ಮುರುಗೆಪ್ಪನವರು ಹೊಲದಲ್ಲೇ ಪಾಠ ನೋಡಿ, ಮನಸ್ಸಿಗೆ ಬಂದರೆ ಅಲ್ಲೇ ಕಾಯಂ ನೌಕರಿಯ ಆದೇಶದಲ್ಲಿ ಹೆಸರು ತುಂಬಿ ಕೊಡುವವರಿದ್ದರು.

ಬೆಂಗೇರಿಯ ರೈತ ಹೊಳೆಯಪ್ಪ ಹತ್ತಕ್ಕೇ ಎತ್ತು, ಎಡಿಕುಂಟಿ ಸಮೇತ ಬಂದ. ಶಾಲೆಯ ಹಿಂದಿನ ತುಂಡು ಹೊಲದಲ್ಲಿ ಹೆಸರಿನ ಬೆಳೆಗಿಂತ ಕಸವೇ ಎತ್ತರ ನಿಂತಿತ್ತು. ಸಾಲುಗಳ ನಡುವೆ ಕುಂಟಿ ಹೊಡೆದು ಕಸ ತೆಗೆಯುವುದೇ ಅಂದಿನ ಪಾಠ.

“ಹೂಡ್ರಿ ಮತ್ತ, ಲಗೂ!” ಎಂದರು ಮಾಸ್ತರರು.

“ಏನ್ ಹೂಡೂದ್ರಿ ಸರ? ಇವತ್ತ ಸೋಮವಾರ, ಬಸವಣ್ಣನ ವಾರ. ಎತ್ತಿನ ಹೆಗಲಿಗೆ ನೊಗಾ ಇಡಂಗಿಲ್ರಿ. ಹುಡುಗರಿಗೆ ತೋರಸಾಕ ತರ್ರಿ ಅಂದ್ರಿ, ತಂದೇನಿ.”

ಊರ ದನ ಕಾಯುವವರಿಗೂ ಗೊತ್ತಿರುವ ಸಂಗತಿ ಕೃಷಿ ಶಿಕ್ಷಕರಿಗೆ ಗೊತ್ತಿರಲಿಲ್ಲ. ಪರದೆಯ ಮೇಲೆ ಯಾರೂ ಅದನ್ನು ಬರೆದಿರಲಿಲ್ಲವಲ್ಲ!

ಅಷ್ಟರಲ್ಲಿ ಮುಖ್ಯಾಧ್ಯಾಪಕಿ ವಾಣಿಶ್ರೀ ಓಡಿಬಂದರು. “ಅಧ್ಯಕ್ಷರ ಕಾರು ರಾಯಾಪುರ ದಾಟೇದಂತ್ರಿ!”

“ನಾಳೆ ಇಟ್ಟುಕೊಳ್ಳೂಣೇನ್ರಿ ಮೇಡಂ?”

“ನಾಳೆ ಅವರು ಬರಬೇಕಲ್ರಿ! ಕುಂಟಿ ಹಗರ ಅದ. ನೀವ ಜಗ್ಗಿಬಿಡ್ರಿ.”

ಮಾಸ್ತರರು ಟೈಯನ್ನು ಬೆನ್ನಿಗೆ ಎಸೆದು, ಕುಂಟಿಗೆ ಕಟ್ಟಿದ ಹಗ್ಗಕ್ಕೆ ಹೆಗಲು ಕೊಟ್ಟರು. ನೌಕರಿಯ ಆಸೆ ಏನೇನು ಮಾಡಿಸುತ್ತದೆ ನೋಡಿ! ಹೊಳೆಯಪ್ಪ ಹಿಂದೆ ಕುಂಟಿಯ ಹಿಡಿಕೆ, ಅಂದರೆ ಮೇಳಿ ಹಿಡಿದು, “ಬಲಕ್ಕ ಬರ್ರಿ ಸರ! ಬೆಳಿ ತುಳೀಬ್ಯಾಡ್ರಿ!” ಎಂದು ಮರ್ಯಾದೆಯಿಂದಲೇ ಮುಂದಕ್ಕೆ ಹೊಡೆಯುತ್ತ, ಜೊತೆಗೆ ನಡೆಯುತ್ತಿದ್ದ ಮಕ್ಕಳಿಗೆ ಒಂದೊಂದೇ ವಿವರಿಸುತ್ತಿದ್ದ. ಎತ್ತುಗಳು ಬೇವಿನ ನೆರಳಲ್ಲಿ ಮೆಲುಕು ಹಾಕುತ್ತ ನಿಂತಿದ್ದವು. ಮೂರನೇ ಸಾಲಿನಲ್ಲಿ ಮಾಸ್ತರರು ಮುಗ್ಗರಿಸಿ ಬಾಯಿತುಂಬ ಮಣ್ಣು ತಿಂದರು.

ಆಗಲೇ ಮುರುಗೆಪ್ಪನವರು ಬಂದರು. “ಏನ್ರಿ ಇದು ಮಾಸ್ತರ?”

“ಸೋಮವಾರಲ್ರಿ ಸರ... ಎತ್ತಿಗೆ ಸೂಟಿ ಕೊಟ್ಟೇನ್ರಿ.”

“ಶಾಭಾಸ್! ಖರೇ ಒಕ್ಕಲತನದ ಮನಸ್ರಿ ನಿಮ್ಮದು!”

ಮಾಸ್ತರರ ಎದೆ ಉಬ್ಬಿತು. ಮುರುಗೆಪ್ಪನವರು ಮಕ್ಕಳ ಕಡೆ ತಿರುಗಿದರು. “ಒಕ್ಕಲತನಕ್ಕ ಏನೇನ್ ಗೊತ್ತಿರಬೇಕ್ರಪಾ?”

“ಮಣ್ಣ ಮುಟಿಗ್ಯಾಗ ಹಿಡದು ಹದಾ ನೋಡಬೇಕ್ರಿ!”

“ಬೇರಿಗೆ ಹತ್ತಲಾರದಂಗ ಕುಂಟಿ ಹೊಡೀಬೇಕ್ರಿ!”

ಮೂರು ವರ್ಷ ಆಕಳಿಸಿದ್ದ ಬಾಯಿಗಳು ಈಗ ಮುಚ್ಚಲೊಲ್ಲವು.

“ಭಾಳ ಛಲೋ! ಯಾರು ಕಲಿಸಿದ್ರು?”

ಎಲ್ಲ ಬೆರಳುಗಳೂ ಹೊಳೆಯಪ್ಪನ ಕಡೆ ತಿರುಗಿದವು.

“ಮತ್ತ ಈ ಸರ?”

“ಅವರು ಕುಂಟಿ ಜಗ್ಗಿದ್ರರೀ,” ಎಂದಳು ಗೀತಾಂಜಲಿ ಎಂಬ ಹುಡುಗಿ.

ಮುರುಗೆಪ್ಪನವರು ಕಿಸೆಯಿಂದ ಆದೇಶ ತೆಗೆದು, ಖಾಲಿ ಜಾಗದಲ್ಲಿ ಹೊಳೆಯಪ್ಪನ ಹೆಸರು ಬರೆದು ಸಹಿ ಹಾಕಿದರು.

“ಸರ, ನನ್ನ ಗತಿ?” ಮಾಸ್ತರರು ಅಳುವುದೊಂದೇ ಬಾಕಿ.

“ನಿಮ್ಮನ್ನ ಬಿಡ್ತೇವೇನ್ರಿ? ಪ್ರತಿ ಸೋಮವಾರ ಪಾಠ ಇರತೈತಿ. ಏನ್ ಹೊಳೆಯಪ್ಪ ಮಾಸ್ತರ, ಕುಂಟಿಗೆ ಇವರು ನಡೀತಾರ?”

ಹೊಸ ಮಾಸ್ತರ, ಸಂತೆಯಲ್ಲಿ ಎತ್ತು ಕೊಳ್ಳುವವರಂತೆ, ಹಳೆಯ ಮಾಸ್ತರರನ್ನು ಒಂದು ಸುತ್ತು ಹಾಕಿ, ಹೆಗಲು ಒತ್ತಿ ನೋಡಿದ. ಆಮೇಲೆ ಬಲು ವಿನಯದಿಂದ ಹೇಳಿದ:

“ಒಂಚೂರ ಬಾಯಿ ತಗೀರಿ ಸರ, ಹಲ್ಲ ನೋಡೂಣು.”

ಪ್ರಸಾದ ಮಾಸ್ತರರು ಬಾಯಿ ತೆರೆದರು.