ಹೆಡ್‌ಫೋನಿನಲ್ಲಿ ಸಿಕ್ಕಿಬಿದ್ದ ಅಪಸ್ವರ

ಹಾಡಿನ ವಿಷಯದಲ್ಲಿ ನನ್ನ ಕಿವಿಯನ್ನು ಯಾರೂ ಮೋಸಗೊಳಿಸಲಾರರು ಎಂಬ ಭರವಸೆ ನನಗಿತ್ತು. ಟೀವಿಯಲ್ಲಿ ಹಾಡುವವರ ಸ್ವರ ಕೂದಲೆಳೆಯಷ್ಟು ಜಾರಿದರೂ ಸಾಕು, "ಶ್ರುತಿ ಬಿಟ್ಲು ನೋಡ್ರಿ, ಬಿಟ್ಲು!" ಎಂದು ಅಡುಗೆಮನೆಯಿಂದಲೇ ತೀರ್ಪು ಕೊಡುತ್ತಿದ್ದೆ. ನನ್ನ ಯಜಮಾನರು ಗೋಕಾಕದಲ್ಲಿ ಪೈಪು, ಮೋಟಾರುಗಳ ಅಂಗಡಿ ಇಟ್ಟವರು. ಹೊಲದ ಮೋಟಾರು ಕೆಮ್ಮದೆ ಓಡಿದರೆ ಅವರಿಗೆ ಅದೇ ಸಂಗೀತ. ಹೀಗಾಗಿ ನನ್ನ ತೀರ್ಪಿಗೆ ಮನೆಯಲ್ಲಿ ಎದುರುವಾದವೇ ಇರಲಿಲ್ಲ.

ನಮ್ಮದೊಂದು ಭಜನಾ ಮಂಡಳಿ ಇದೆ. ಮಂಡಳಿ ಎಂದರೆ ನಾಲ್ಕೇ ಜನ. ನಾನು, ಓಣಿಗೆಲ್ಲ ಹಿರಿಯರಾದ ಕಮಲವ್ವ, ಎದುರುಮನೆಯ ಗಿರಿಜಾ, ಮತ್ತೆ ಮೂಡಲಗಿಯಿಂದ ಹೊಸದಾಗಿ ನಮ್ಮ ಓಣಿಗೆ ಬಂದ ಸುಮಿತ್ರಾ. ಅಭ್ಯಾಸ ನಡೆಯುವುದು ನಮ್ಮ ಪಡಸಾಲೆಯಲ್ಲಿ. ಚಹಾ, ಚೂಡಾ ನನ್ನದಾದ್ದರಿಂದ ಅಧ್ಯಕ್ಷತೆಯೂ ನನ್ನದೇ!

ಹುಕ್ಕೇರಿಯಲ್ಲಿ ನನ್ನ ತಂಗಿ ಹೊಸ ಮನೆ ಕಟ್ಟಿಸಿದಳು. ಅದರ ಪ್ರವೇಶದ ದಿನ ನಮ್ಮದೇ ಭಜನೆ ಎಂದು ನಿಶ್ಚಯವಾಯಿತು. ಪೆಂಡಾಲು, ಮೈಕು, ಸಂಕೇಶ್ವರದಿಂದ ಬರುವ ಅವಳ ಬೀಗರು! ಓಣಿ ದಾಟಿ ನಾವು ಹಾಡುವುದು ಅದೇ ಮೊದಲು. ತಪ್ಪಾದರೆ ಗೋಕಾಕದ ಮರ್ಯಾದೆಯ ಪ್ರಶ್ನೆ. ಅದಕ್ಕೇ ಅಭ್ಯಾಸವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಕೇಳಿ ತಿದ್ದಿಕೊಳ್ಳೋಣ ಎಂದೆ. ಮಾಡಿದೆವು. ಆದರೆ ನನ್ನ ಹಳೆಯ ಮೊಬೈಲಿನಲ್ಲಿ ನಮ್ಮ ನಾಲ್ವರ ದನಿ ಡಬ್ಬಿಯಲ್ಲಿ ಸಿಕ್ಕ ಜೇನುಹುಳುಗಳಂತೆ ಗುಂಯ್ ಎನ್ನುತ್ತಿತ್ತು. ಯಾರು ಎಲ್ಲಿ ತಪ್ಪಿದರು ಎಂದು ದೇವರಿಗೂ ತಿಳಿಯುವಂತಿರಲಿಲ್ಲ.

"ಒಂದು ಚಲೋ ಹೆಡ್‌ಫೋನ್ ತಗೋಬೇಕ್ರಿ," ಎಂದೆ ಯಜಮಾನರಿಗೆ.

"ಸಣ್ಣದು ಐತಲ್ಲಾ ನನ್ನ ಹತ್ರ, ಕಿವ್ಯಾಗ ತುರುಕೂದು."

"ಅದು ನನ್ನ ಕಿವ್ಯಾಗ ನಿಂದರೂದಿಲ್ರಿ. ಕಿವಿ ಪೂರಾ ಮುಚ್ಚೂ ದೊಡ್ಡದ ಬೇಕು."

ಪೇಟೆಯ ಅಂಗಡಿಯವರು ಮೂರು ಹೆಡ್‌ಫೋನ್‌ಗಳನ್ನು ನನ್ನೆದುರು ಸಾಲಾಗಿ ಇಟ್ಟರು. ಸೀರೆ ಆರಿಸುವಷ್ಟೇ ಶ್ರದ್ಧೆಯಿಂದ ನಾನು ಪರೀಕ್ಷೆ ಶುರುಮಾಡಿದೆ. ಮೊದಲು ಆರಾಮ, ಆಮೇಲೆ ದನಿ.

ಮೊದಲನೆಯದು ಪೈಲ್ವಾನನ ಜಾತಿಯದು. ಹಾಕಿಕೊಂಡ ಕೂಡಲೇ ಎರಡೂ ಕಡೆಯಿಂದ ತಲೆಯನ್ನು ತೆಕ್ಕೆಗೆ ತೆಗೆದುಕೊಂಡಿತು. ಬುಗಡಿ ಕಿವಿಗೆ ಒತ್ತಿತು, ಬೆಂಡೋಲೆಯ ತಿರುಪು ಕುತ್ತಿಗೆಗೆ ಚುಚ್ಚಿತು, ಕನ್ನಡಕದ ಕಡ್ಡಿ ತಲೆಯೊಳಗೆ ಇಳಿಯಲು ದಾರಿ ಹುಡುಕಿತು. ಈ ವಸ್ತುಗಳನ್ನು ಮಾಡುವವರು ಬುಗಡಿ ಹಾಕಿದ ಹೆಂಗಸನ್ನು ಕಂಡೇ ಇಲ್ಲ! ಎರಡನೆಯದು ಹಗುರ. ಎಷ್ಟು ಹಗುರವೆಂದರೆ, ನನ್ನ ತುರುಬಿನ ಮೇಲೆ ನಿಲ್ಲಲಾರದೆ ಜಾರಿ ಕೊರಳಿಗೆ ಬಿದ್ದು ಸರವಾಯಿತು. ಮೂರನೆಯದು ಮಾತ್ರ ಅರಳೆಯ ದಿಂಬು. ಕಿವಿ, ಓಲೆ, ಬುಗಡಿ ಎಲ್ಲವನ್ನೂ ಒಳಗೆ ಕರೆದುಕೊಂಡು ಮೆತ್ತಗೆ ಬಾಗಿಲು ಹಾಕಿತು. ಒಳಗೆ ಕಿವಿ ಸ್ವಲ್ಪ ಬೆವರುತ್ತಿತ್ತು, ನಿಜ. ಅಷ್ಟನ್ನು ಸಂಗೀತಕ್ಕಾಗಿ ತಡೆದುಕೊಳ್ಳಬಹುದು.

ಇನ್ನು ದನಿಯ ಪರೀಕ್ಷೆ. ನಮ್ಮ ಭಜನೆಯನ್ನೇ ಹಚ್ಚಿಸಿದೆ. ಪೈಲ್ವಾನನಲ್ಲಿ ಬರೀ ತಬಲಾದಂತೆ ಧಡ್ ಧಡ್. ನಮ್ಮಲ್ಲಿ ತಬಲಾವೇ ಇಲ್ಲ! ಗಿರಿಜಾ ತೊಡೆ ತಟ್ಟಿದ್ದು ಹಾಗೆ ಕೇಳುತ್ತಿತ್ತು. ಹಗುರಾದದ್ದರಲ್ಲಿ ಎಲ್ಲರ ದನಿ ಬೆಲ್ಲದ ಪಾಕದಂತೆ ಬೆರೆತು ಸಿಹಿಯಾಗಿತ್ತು. ಮೂರನೆಯದನ್ನು ಹಾಕಿದೆ ನೋಡಿ, ಮೈ ಝುಂ ಎಂದಿತು. ನಾಲ್ಕೂ ದನಿಗಳು ಬೇರೆ ಬೇರೆಯಾಗಿ ಎದುರಿಗೇ ಬಂದು ಕುಳಿತವು. ತಾಳದ ಕಿಣಿಕಿಣಿ, ಕಮಲವ್ವನ ಉಸಿರು, ಹಿಂದೆ ನಮ್ಮ ಕುಕ್ಕರಿನ ಸೀಟಿ, ಎಲ್ಲ ಸ್ಪಷ್ಟ. ಅದರ ನಡುವೆ, ತೆಳ್ಳನೆಯ, ಮೂಗಿನಿಂದ ಬರುವ ಒಂದು ದನಿ ಉಳಿದ ಮೂವರನ್ನೂ ಬಿಟ್ಟು ತನ್ನದೇ ದಾರಿ ಹಿಡಿದು ಹೊರಟಿತ್ತು!

"ಯಾರೋ ಅಪಸ್ವರ ಹಾಡಾಕತ್ತಾರ!" ಎಂದೆ.

ಕಿವಿ ಮುಚ್ಚಿದ್ದರಿಂದ ನಾನು ಹೇಳಿದ್ದು ಪೇಟೆಗೆಲ್ಲ ಕೇಳಿಸಿತಂತೆ. ಅಂಗಡಿಯವರು ಕೈಸನ್ನೆ ಮಾಡಿ ಅದನ್ನು ತೆಗೆಸಿದರು. "ಅಕ್ಕಾರ, ಸಾವಕಾಶ ಮಾತಾಡ್ರಿ. ಈ ಹೆಡ್‌ಫೋನ್ ಇದ್ದದ್ದ ಇದ್ದಂಗ ಕೇಳಸ್ತೈತ್ರಿ."

"ನನಗ ಇದ ಬೇಕು," ಎಂದೆ. ನನಗೆ ಸಿಕ್ಕಿದ್ದು ಹೆಡ್‌ಫೋನ್ ಅಲ್ಲ, ಪೊಲೀಸ್ ನಾಯಿ!

ಮನೆಗೆ ಬಂದು ಯಜಮಾನರ ಕಿವಿಗೆ ಅದನ್ನು ಹಾಕಿದೆ. "ಯಾರ ದನಿ ಅಂತ ಗುರುತ ಹಿಡೀರಿ ನೋಡೂನು."

ಅವರು ಕೇಳಿದರು. ಮುಖ ಒಂದು ಥರ ಆಯಿತು. ನನ್ನನ್ನು ನೋಡಿದರು, ಮೇಲೆ ಛಾವಣಿ ನೋಡಿದರು. "ಅಂಗಡ್ಯಾಗ ಸ್ವಲ್ಪ ಕೆಲಸ ಐತಿ," ಎಂದು ಎದ್ದು ಹೋದರು. ಅಂದು ಅವರ ಅಂಗಡಿಗೆ ಸೂಟಿ, ಬಾಗಿಲೇ ತೆರೆದಿರಲಿಲ್ಲ!

ನನ್ನ ಅನುಮಾನ ಸುಮಿತ್ರಾಳ ಮೇಲೆ ಹೋಯಿತು. ಅವಳು ಹೊಸಬಳು. ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಮರುದಿನ ಅಭ್ಯಾಸಕ್ಕೆ ಬಂದಾಗ ಅತ್ಯಂತ ಗೌರವಪೂರ್ವಕವಾಗಿ ಅವಳ ಕೈಗೆ ತಾಳ ಕೊಟ್ಟೆ.

"ಸುಮಿತ್ರಾ, ನಿನ್ನ ಕೈಯಾಗ ಭಾಳ ಲಯ ಐತಿ ನೋಡವಾ. ನೀ ಬರೇ ತಾಳ ಹಾಕು. ಬಾಯಿ ಸುಮ್ಮ ಅಲ್ಲಾಡಸು, ದನಿ ಬ್ಯಾಡ."

"ಆತ್ರಿ ಅಕ್ಕಾ, ನೀವು ಹೇಳಿದಂಗ," ಎಂದಳು ಪಾಪದವಳು. ಮುಖ ಮಾತ್ರ ಸಣ್ಣದಾಯಿತು.

ಅವರು ಹೋದ ಮೇಲೆ ಹೆಡ್‌ಫೋನ್ ಹಾಕಿ ಅಂದಿನ ರೆಕಾರ್ಡಿಂಗ್ ಕೇಳಿದೆ. ಆ ದನಿ ಅಲ್ಲೇ ಇತ್ತು! ಅಷ್ಟೇ ಅಲ್ಲ, ಜಾಗ ಖಾಲಿಯಾದ ಸಂತೋಷಕ್ಕೆ ಇನ್ನೂ ಮೇಲೆ ಹತ್ತಿತ್ತು. ಹಾಗಾದರೆ ಗಿರಿಜಾಳೇ. ಮುಂದಿನ ಅಭ್ಯಾಸದಲ್ಲಿ, "ನಿನಗ ಕೆಮ್ಮ ಬಂದಂಗ ಐತಿ, ಗಂಟಲಕ್ಕ ವಿಶ್ರಾಂತಿ ಕೊಡು," ಎಂದು ಅವಳನ್ನೂ ಸುಮ್ಮನಿರಿಸಿದೆ. "ನನಗ ಕೆಮ್ಮ ಇಲ್ರಿ!" ಎಂದಳು. "ಬರತೈತಿ," ಎಂದೆ.

ಆ ದನಿ ಮತ್ತೂ ಇತ್ತು.

ಉಳಿದದ್ದು ಕಮಲವ್ವ. ಹಿರಿಯರಿಗೆ ಹೇಗೆ ಹೇಳುವುದು? ಎರಡು ಕಪ್ ಚಹಾ ಕೊಟ್ಟು, "ಯವ್ವಾ, ನೀವು ಕಾರ್ಯಕ್ರಮಕ್ಕ ದನಿ ಉಳಿಸಿಕೋರಿ," ಎಂದೆ. ಕಮಲವ್ವ ಉಳಿದಿಬ್ಬರ ಮುಖ ನೋಡಿ ನಕ್ಕರು. "ಹೌದವಾ ಶಾಂತಾ, ನಾವೆಲ್ಲಾರೂ ಸುಮ್ಮನ ಕುಂದರ್ತೇವಿ. ನೀ ಒಬ್ಬಾಕೀನ ಹಾಡು. ಛಂದಂಗ ರೆಕಾರ್ಡ್ ಮಾಡು."

ಹಾಡಿದೆ. ಮನಸಾರೆ ಹಾಡಿದೆ. ಆಮೇಲೆ ಕೋಣೆಯಲ್ಲಿ ಕುಳಿತು ಕೇಳಿದರೆ, ತೆಳ್ಳನೆಯ ಆ ಮೂಗುದನಿ ಒಂದೇ ಒಂದು, ಯಾರ ಕಾಟವೂ ಇಲ್ಲದೆ, ಶ್ರುತಿಯಿಂದ ಬಲು ದೂರದಲ್ಲಿ ಹಾಯಾಗಿ ಅಡ್ಡಾಡುತ್ತಿತ್ತು!

ನಾನು ಹಾಡುವಾಗ ನನಗೆ ಕೇಳಿಸುವ ನನ್ನ ದನಿ ತುಂಬಿದ್ದು, ಗಂಭೀರವಾದದ್ದು. ಇದು ಅದಲ್ಲವೇ ಅಲ್ಲ. ಮೂವರು ಬಾಯಿ ಮುಚ್ಚಿದ್ದರೂ ಅಪಸ್ವರ ಬರುತ್ತದೆ ಎಂದರೆ ಅದರ ಅರ್ಥವೇನು? ಬುದ್ಧಿ ಇರುವ ಯಾರೇ ಆದರೂ ಬರಬೇಕಾದ ತೀರ್ಮಾನಕ್ಕೆ ನಾನೂ ಬಂದೆ.

ಹೆಡ್‌ಫೋನ್ ಕೆಟ್ಟಿದೆ!

ಯಜಮಾನರ ಸ್ಕೂಟರಿನ ಹಿಂದೆ ಕುಳಿತು ಸೀದಾ ಹೆಡ್‌ಫೋನ್ ಅಂಗಡಿಗೆ ಹೋದೆ. "ಇದ್ದದ್ದ ಇದ್ದಂಗ ಕೇಳಸ್ತೈತಿ ಅಂದ್ರಿ, ಇಲ್ಲದ್ದನ್ನ ಕೇಳಸಾಕತ್ತೈತಿ! ಬದಲಿ ಮಾಡಿ ಕೊಡ್ರಿ."

ಅಂಗಡಿಯವರು ಹಾಕಿಕೊಂಡು ಕೇಳಿದರು. ಹುಬ್ಬು ಮೇಲೇರಿತು. ಪೈಲ್ವಾನನಲ್ಲಿ ಕೇಳಿದರು. ಹಗುರಾದದ್ದರಲ್ಲಿ ಕೇಳಿದರು. ಕೊನೆಗೆ, "ಮೊಬೈಲಿಂದ ದೋಷ ಏನೋ ನೋಡೂನ್ರಿ," ಎನ್ನುತ್ತ ಮದುವೆ ಮನೆಗೆ ಬಾಡಿಗೆಗೆ ಕೊಡುವ ದೊಡ್ಡ ಪೆಟ್ಟಿಗೆ ಸ್ಪೀಕರಿಗೆ ಜೋಡಿಸಿದರು.

ಸಂಜೆಯ ಗೋಕಾಕ ಪೇಟೆ ಒಂದು ಕ್ಷಣ ನಿಂತಿತು. ತರಕಾರಿ ಚೀಲ ಹಿಡಿದಿದ್ದ ಒಬ್ಬರು ಒಳಗೆ ಇಣುಕಿ ಕೇಳಿದರು, "ಯಾರಿಗಾರ ಏನಾರ ಆತೇನ್ರಿ?"

ಅಂಗಡಿಯವರು ಅವಸರದಿಂದ ಬಂದ್ ಮಾಡಿದರು. "ಅಕ್ಕಾರ, ಎಲ್ಲಾದ್ರಾಗೂ ಹಿಂಗ ಬರಾಕತ್ತೈತ್ರಿ. ಹೆಡ್‌ಫೋನ್ ಬದಲಿ ಮಾಡಿದ್ರ ಉಪಯೋಗಿಲ್ರಿ, ಹಾಡಿದವ್ರನ್ನ ಬದಲಿ ಮಾಡ್ಬೇಕ್ರಿ. ಯಾರ್ರಿ ಇವ್ರು?"

"ನಮ್ಮ ಬಾಜೂ ಮನಿಯವ್ರು," ಎಂದೆ.

ಪಕ್ಕದಲ್ಲಿದ್ದ ನನ್ನ ಯಜಮಾನರು ಮೆಲ್ಲಗೆ ಹೇಳಿದರು. "ಬಾಜೂ ಮನಿಯವ್ರಲ್ರಿ. ನನ್ನ ಬಾಜೂಕ ನಿಂತಾರಲ್ಲ, ಇವ್ರು."

ಸ್ಕೂಟರ್ ಮನೆಯ ಕಡೆ ಹೊರಟಿತು. ದಾರಿಯುದ್ದಕ್ಕೂ ಅವರ ಬೆನ್ನು ನಗುವಿಗೆ ಕುಲುಕುತ್ತಿತ್ತು. "ಮೊದಲ ಗೊತ್ತಿತ್ತಲ್ಲ ನಿಮಗ, ಯಾಕ ಹೇಳಲಿಲ್ಲ?" ಎಂದು ಬಾಗಿಲಲ್ಲಿ ಕೇಳಿದರೆ, "ನಾ ಆರಾಮ ಇರೂದು ನಿನಗ ಬ್ಯಾಡೇನ?" ಎಂದರು.

ಸುಮಿತ್ರಾಳ ಸಣ್ಣದಾದ ಮುಖ ಕಣ್ಣ ಮುಂದೆ ಬಂದು ಆ ಸಂಜೆ ಊಟವೇ ಸೇರಲಿಲ್ಲ. ಬೆಳಿಗ್ಗೆ ಮೂವರನ್ನೂ ಕರೆದು, ನಡೆದದ್ದನ್ನೆಲ್ಲ ಹೇಳಿ, "ತಪ್ಪಾತವಾ. ಹುಕ್ಕೇರಿಗೆ ನೀವು ಮೂರು ಮಂದಿ ಹೋಗ್ರಿ, ನಾ ಬರೂದಿಲ್ಲ," ಎಂದೆ. ಸುಮಿತ್ರಾ ಹೆಡ್‌ಫೋನ್ ಹಾಕಿಕೊಂಡು ನನ್ನ ಒಂಟಿ ಹಾಡನ್ನು ಕೇಳಿದಳು. ತುಟಿ ಕಚ್ಚಿ ತಡೆದುಕೊಂಡಳು, ಆಮೇಲೆ ತಡೆಯಲಾರದೆ ಚಾಪೆಯ ಮೇಲೆ ಉರುಳಿ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಗಿರಿಜಾ ಕಸಿದುಕೊಂಡು ಕೇಳಿದಳು, ಅವಳೂ ಉರುಳಿದಳು. ನನಗೂ ನಗು ಬಂದುಬಿಟ್ಟಿತು.

"ನಿಮಗೂ ಗೊತ್ತಿತ್ತೇನ?"

"ಓಣಿಗೆಲ್ಲಾ ಗೊತ್ತೈತಿ," ಎಂದರು ಕಮಲವ್ವ. "ನಿನ್ನ ಚೂಡಾ ಭಾಳ ಚಲೋ ಇರತೈತಿ, ಅದಕ್ಕ ಸುಮ್ಮನಿದ್ವಿ."

"ಅಕ್ಕಾ, ನೀವಿಲ್ಲಂದ್ರ ನಾನೂ ಹೋಗೂದಿಲ್ರಿ," ಎಂದಳು ಸುಮಿತ್ರಾ. ನಾನು ಸೋತೆ.

ಹುಕ್ಕೇರಿಯಲ್ಲಿ ಮೈಕಿನ ಮುಂದೆ ಕುಳಿತಾಗ ಪೇಟೆಯ ಆ ಪೆಟ್ಟಿಗೆ ಸ್ಪೀಕರ್ ನೆನಪಾಯಿತು. ನನ್ನ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ದನಿ ಮಾತ್ರ ಹೊರಡಲಿಲ್ಲ. ಸುಮಿತ್ರಾ ಹಾಡು ಎತ್ತಿಕೊಂಡಳು, ಉಳಿದಿಬ್ಬರು ಕೂಡಿದರು. ಆಹಾ! ಪೆಂಡಾಲೆಲ್ಲ ತಲೆದೂಗಿತು. ಸಂಕೇಶ್ವರದ ಬೀಗರು ಇನ್ನೊಂದು, ಇನ್ನೊಂದು ಎಂದು ಹಾಡಿಸಿದರು.

ಮುಗಿದ ಮೇಲೆ ನನ್ನ ತಂಗಿ ಓಡಿ ಬಂದು ತಬ್ಬಿಕೊಂಡಳು. ಅವಳ ಕಣ್ಣು ತುಂಬಿತ್ತು. "ಅಕ್ಕಾ! ಹುಟ್ಟಿದಾಗಿಂದ ನಿನ್ನ ಹಾಡ ಕೇಳಾಕತ್ತೇನಿ, ಖರೆ ಹೇಳ್ತೇನಿ, ಇಷ್ಟ ಛಂದ ನೀ ಒಂದ ದಿನಾನೂ ಹಾಡಿರಲಿಲ್ಲ!"

ನಾನು ಸೆರಗು ಸರಿಮಾಡಿಕೊಂಡು, ಆದಷ್ಟು ವಿನಯದಿಂದ ಹೇಳಿದೆ. "ಭಾಳ ಪ್ರ್ಯಾಕ್ಟಿಸ್ ಮಾಡೇನವಾ."