ಡೆಲ್ಮರನ ಬೆಳಗಿನ ಮಾತ್ರೆ

"ಈ ಸಲ ಪಂದ್ಯದಲ್ಲಿ ಸರೋವರದ ಅತಿ ದೊಡ್ಡ ಮೀನು ನನ್ನ ಗಾಳಕ್ಕೇ! ಆ ಡೆಲ್ಮರ್ ಕಣ್ಣು ಬಿಟ್ಕೊಂಡು ನೋಡ್ಬೇಕು!" ಎಂದು ಆರ್ವಿಡ್ ಅಡುಗೆಮನೆಯಲ್ಲಿ ಘೋಷಿಸಿದ.

ಹೆಂಡತಿ ಮೇವಿಸ್ ಫ್ಲಾಸ್ಕಿಗೆ ಕಾಫಿ ಸುರಿಯುತ್ತ, "ಡೆಲ್ಮರನ ನಡಿಗೆ ನೋಡಿದ್ಯಾ? ಹೋದ ತಿಂಗಳು ಕಾಲು ಕಂಬದ ಹಾಗೆ ಊದಿತ್ತು. ಈಗ ಬೆಳಿಗ್ಗೆ ಒಂದು ಮಾತ್ರೆ ನುಂಗಿದ್ರೆ ಹುಡುಗನ ಹಾಗೆ ಓಡಾಡ್ತಾನೆ!" ಎಂದಳು.

ಪಕ್ಕದ ಮನೆಯವನ ಈ ಗುಣಗಾನ ಕೇಳಿ ಕೇಳಿ ಆರ್ವಿಡನ ಹೊಟ್ಟೆಯಲ್ಲಿ ಎದ್ದ ಉರಿಗೆ ಇಡೀ ಮಿನೆಸೋಟ ರಾಜ್ಯದ ಹಿಮ ಕರಗಬಹುದಿತ್ತು!

ಹೆಪ್ಪುಗಟ್ಟಿದ ಸರೋವರದ ಮೇಲೆ ಅವರಿಬ್ಬರದೂ ಒಂದೇ ಮರದ ಗುಡಿಸಲು. ಡೆಲ್ಮರ್ ಮಂಜುಗಡ್ಡೆ ಕೊರೆಯಲು ಹೊರಗೆ ಹೋದ. ಒಳಗೆ ಹಲಗೆಯ ಮೇಲೆ ಅವನ ಮಾತ್ರೆ ಡಬ್ಬಿ, ದಿನಕ್ಕೊಂದು ಖಾನೆ. ಆರ್ವಿಡ್ ಅಂದಿನ ಖಾನೆ ತೆರೆದು ಗುಳುಂ ಮಾಡಿದ. ಇವತ್ತು ಮೇವಿಸ್ ಯಾರನ್ನು ಹೊಗಳುತ್ತಾಳೋ ನೋಡೋಣ!

ಸ್ವಲ್ಪ ಹೊತ್ತಿಗೆ ಕಿಬ್ಬೊಟ್ಟೆಯಿಂದ ತುರ್ತು ಕರೆ ಬಂತು. ಮೈಮೇಲೆ ಉಣ್ಣೆ, ಉಣ್ಣೆಯ ಮೇಲೆ ಉಣ್ಣೆ, ಅದರ ಮೇಲೆ ಹೆಗಲಿಗೆ ಪಟ್ಟಿ ಬಿಗಿದ ದಪ್ಪ ಉಡುಪು. ಪಾಯಿಖಾನೆಯೋ ದಡದಲ್ಲಿ, ಚರ್ಚಿನ ಹೆಂಗಸರ ಕಾಫಿ ಡೇರೆಯ ಪಕ್ಕ. ಓಡಿದ. ಬಂದ. ಗಾಳ ಮುಟ್ಟುವಷ್ಟರಲ್ಲಿ ಮತ್ತೆ ಓಡಿದ!

"ಭಲೇ, ಇವತ್ತು ಏನು ಚುರುಕು!" ಎಂದು ಡೇರೆಯಲ್ಲಿ ಕಾಫಿ ಹಂಚುತ್ತಿದ್ದ ಮೇವಿಸ್ ಕೂಗಿದಳು. ಹಿಗ್ಗಲು ಅವನಿಗೆ ಪುರುಸೊತ್ತೆಲ್ಲಿ?

ಕೊನೆಗೆ ಗಾಳದ ಕೋಲು ಬಿಲ್ಲಿನಂತೆ ಬಾಗಿತು. ಒಂದು ಕಡೆ ಜನ್ಮಕ್ಕೊಮ್ಮೆ ಸಿಗುವ ಮೀನು, ಇನ್ನೊಂದು ಕಡೆ ಪ್ರಳಯ! "ಡೆಲ್ಮರ್, ಹಿಡಿಯೋ!" ಎಂದು ಗಾಳ ಎಸೆದು ದೌಡಾಯಿಸಿದ.

ಎಳೆದವನಿಗೇ ಮೀನು ಎಂಬುದು ಪಂದ್ಯದ ನಿಯಮ. ಆರ್ವಿಡ್ ಹೊರಬರುವಾಗ ಡೇರೆಯೆದುರು ಡೆಲ್ಮರನಿಗೆ ಚಪ್ಪಾಳೆ. ಚಪ್ಪಾಳೆಯ ಮುಂದಾಳು ಮೇವಿಸ್!

"ಎಲ್ಲ ಆ ಮಾತ್ರೆ ಮಹಿಮೆ," ಎಂದು ಡೆಲ್ಮರ್ ಜೇಬಿನಿಂದ ಡಬ್ಬಿ ತೆಗೆದ. "ಅರೆ, ಇವತ್ತಿಂದು ಖಾಲಿ! ನೆನಪೇ ಇಲ್ಲ, ತಗೊಂಡಿರ್ಬೇಕು."

ಸುಮ್ಮನಿದ್ದರೆ ಮಾನ ಉಳಿಯುತ್ತಿತ್ತು. ಆದರೆ ಆ ಊದಿದ ಕಾಲು ಆರ್ವಿಡನ ಕಣ್ಣಿಗೆ ಕಟ್ಟಿತು. "ನೀನು ತಗೊಂಡಿಲ್ಲ ಕಣೋ... ನಾನು ನುಂಗಿದೆ."

ಡೆಲ್ಮರ್ ಬಿದ್ದು ಬಿದ್ದು ನಗುತ್ತ, ಈಗೇನು ಮಾಡಬೇಕೆಂದು ಕೇಳಲು ಔಷಧಿ ಅಂಗಡಿಗೆ ಫೋನು ಹಚ್ಚಿದ. ಮೇವಿಸ್ ಸೊಂಟಕ್ಕೆ ಕೈಯಿಟ್ಟಳು. "ಅವನ ಮೈಯಲ್ಲಿ ತುಂಬ್ಕೊಂಡಿರೋ ನೀರು ಹೊರಹಾಕಿ ಎದೆ ಹಗುರ ಮಾಡೋ ಮಾತ್ರೆ ಅದು! ಕಾಯಿಲೆ ಅವನದು, ಔಷಧಿ ಅವನದು. ನಿನಗ್ಯಾಕೆ ಬೇಕಿತ್ತು?"

"ನೀನು ಅವನನ್ನ ಅಷ್ಟೊಂದು ಹೊಗಳ್ತಿದ್ದೆ..."

"ನಿನಗೂ ಡಾಕ್ಟರ್ ಹತ್ರ ಹೋಗೋ ಬುದ್ಧಿ ಬರ್ಲಿ ಅಂತ ಹೊಗಳಿದ್ದು ಮಾರಾಯಾ! ನನಗೆ ನೀನು ನೂರು ವರ್ಷ ಬೇಕು!"

ಇಂಥ ಮಾತಿಗಾಗಿ ಆರ್ವಿಡ್ ಮದುವೆಯಾದಾಗಿನಿಂದ ಕಾದಿದ್ದ. ಕಣ್ಣು ತುಂಬಿ ಬಂತು. ಕಣ್ಣೊಂದೇ ಅಲ್ಲ.

"ಇನ್ನೊಂದ್ಸಲ ಹೇಳುವಂತೆ, ಈಗ ದಾರಿ ಬಿಡೇ!"