ಓಟದ ದಿನದ ಹೋಳಿಗೆ

ಇವತ್ತು ಐದಕ್ಕೆ ಎದ್ದು ಅಂಗಳ ಗುಡಿಸಿದೆ, ಎಮ್ಮೆಯ ಹಾಲು ಕರೆದೆ, ಮೊಳಕೆ ಬಂದ ಹೆಸರುಕಾಳಿಗೆ ನಿಂಬೆಹಣ್ಣು ಹಿಂಡಿದೆ, ಎರಡು ಮೊಟ್ಟೆ ಬೇಯಿಸಿದೆ, ಮಗಳ ಬೂಟಿನ ಮಣ್ಣು ಒರೆಸಿದೆ, ಆಮೇಲೆ ಅವಳಿಗೆ ಸಿಗಬೇಕಿದ್ದ ಪೊಲೀಸ್ ಕೆಲಸವನ್ನು ತಪ್ಪಿಸಿ ಬಂದೆ. ಮೊದಲಿನವೆಲ್ಲ ದಿನವೂ ಮಾಡುವ ಕೆಲಸಗಳೇ. ಕೊನೆಯದಕ್ಕೆ ಮಾತ್ರ ದುರ್ಗದವರೆಗೆ ಬಸ್ಸು ಹತ್ತಬೇಕಾಯಿತು.

ಪವಿತ್ರಾಳಿಗೆ ಇಪ್ಪತ್ತೆರಡು. ಹೋದ ಸಲ ಓಟದ ಪರೀಕ್ಷೆ ಸ್ವಲ್ಪದರಲ್ಲೇ ತಪ್ಪಿದಾಗಿನಿಂದ ಎಣ್ಣೆ ಪದಾರ್ಥ ಮುಟ್ಟಿಲ್ಲ. ಸಂಜೆ ನಾನು, ಅವರಪ್ಪ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮುಂದೆ ಕೂತರೆ ಅವಳು ಸೌತೆಕಾಯಿ ಹಿಡಿದು ಹಿತ್ತಲಿಗೆ ಹೋಗುತ್ತಿದ್ದಳು. ಬೆಳಗ್ಗೆ ಭರಮಸಾಗರದ ಕೆರೆ ಏರಿಯ ಮೇಲೆ ಓಟ. ಶುರುವಿನಲ್ಲಿ ಎದುರು ಸಿಕ್ಕವರೆಲ್ಲ, “ಯಾಕವ್ವ ಓಡ್ತೀಯ, ಮನೇಲಿ ಯಾರಿಗೇನಾತು?” ಎಂದು ತಡೆದು ನಿಲ್ಲಿಸುತ್ತಿದ್ದರು. ಹಿರಿಯರೊಬ್ಬರು ಗಾಬರಿಯಾಗಿ ನಮ್ಮ ಮನೆಗೇ ಬಂದು, ನನ್ನನ್ನು ನೋಡಿ, “ಓ, ನೀನು ಚೆನ್ನಾಗೇ ಇದೀಯ” ಎಂದು ತುಸು ಬೇಸರದಲ್ಲೇ ತಿರುಗಿ ಹೋದರು. ಊರೇ ಅಡ್ಡ ನಿಂತರೂ ಹುಡುಗಿ ಬಿಡದೆ ಓಡಿದಳು. ಅಡ್ಡ ಬರಲು ಇನ್ನು ಉಳಿದಿದ್ದವಳು ನಾನೊಬ್ಬಳೇ.

ನನ್ನ ಕಾಯಿಲೆ ಏನೆಂದರೆ, ನನಗೆ ಯಾರಿಗೂ ಬೇಡ ಎನ್ನಲು ಬರುವುದಿಲ್ಲ. ಪರೀಕ್ಷೆ ಹತ್ತಕ್ಕೆ; ಬಸ್ಸು ಎಂಟಕ್ಕೇ ದುರ್ಗ ಮುಟ್ಟಿತು. ದುರ್ಗಕ್ಕೆ ಹೋಗಿ ನಮ್ಮಕ್ಕನ ಮನೆ ಹೊಸ್ತಿಲು ತುಳಿಯದೆ ಬಂದರೆ ಮುಂದಿನ ಮದುವೆಯವರೆಗೂ ಮಾತು ಕೇಳಬೇಕು. “ಸುಮ್ನೆ ಮುಖ ತೋರ್ಸಿ ಬರಾಣ” ಎಂದೆ. ಹಿಂದಿನ ದಿನ ಫೋನಿನಲ್ಲಿ ನಾನೇ ಬಾಯಿಬಿಟ್ಟಿದ್ದರಿಂದ ಅಕ್ಕ ನಸುಕಿಗೇ ಎದ್ದು ಹೋಳಿಗೆ ಮಾಡಿದ್ದಳು.

“ದೊಡ್ಡಮ್ಮ, ಬೆಳಗ್ಗೇನೇ ತಿಂದಾತು, ಓಡೋಕೆ ಮುಂಚೆ ಇನ್ನೇನೂ ತಿನ್ನಬಾರ್ದು.”

“ಒಳ್ಳೆ ಕೆಲಸಕ್ಕೆ ಹೊಂಟೋಳು ಸಿಹಿ ತಿನ್ದೆ ಹೋಗ್ತಾಳೇನೆ? ಬರೀ ಕಾಳು ತಿಂದು ತಿಂದು ಕೋಳಿ ಆದಂಗಾಗೀಯ. ಒಂದೇ ಒಂದು!”

ಮಗಳು ನನ್ನತ್ತ ನೋಡಿದಳು. ನಾನು ಅಕ್ಕನತ್ತ ನೋಡಿದೆ. “ಒಂದು ತಿನ್ನವ್ವ, ದೊಡ್ಡಮ್ಮ ನೊಂದ್ಕಂತಾಳೆ” ಎಂದೆ. ಒಂಟಿ ಬಡಿಸಬಾರದೆಂದು ಎರಡಾಯಿತು. ಒಣಗಿದ್ದು ಗಂಟಲಿಗೆ ಹಿಡಿಯುತ್ತದೆಂದು ತುಪ್ಪ. ತುಪ್ಪದ ಮೇಲೆ ನೀರು ಕುಡಿಯಬಾರದೆಂದು ದೊಡ್ಡ ಲೋಟದಲ್ಲಿ ಹಾಲು.

ಮೈದಾನದ ಬೇಲಿಯಾಚೆ ನಿಂತು ನೋಡಿದೆ. ಅರ್ಧದವರೆಗೂ ಅವಳೇ ಮುಂದು. ತಿರುವಿನಲ್ಲಿ ಪಕ್ಕೆ ಹಿಡಿದುಕೊಂಡಳು. ಒಬ್ಬೊಬ್ಬರಾಗಿ ಎಲ್ಲರೂ ಅವಳನ್ನು ದಾಟಿದರು. ಅವಳು ಗೆರೆ ಮುಟ್ಟುವಷ್ಟರಲ್ಲಿ ಗಡಿಯಾರ ಹಿಡಿದವರು ಹೆಸರು ಬರೆಯುವುದನ್ನು ನಿಲ್ಲಿಸಿದ್ದರು.

ಬಸ್ಸಿನಲ್ಲಿ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಊರು ಬರುವವರೆಗೂ ಕಿಟಕಿಯಾಚೆ ನೋಡಿದಳು. ಇಳಿಯುವಾಗ, “ಮುಂದಿನ ಸಲ ನಾನೊಬ್ಳೇ ಹೋಗ್ತೀನಮ್ಮ” ಎಂದಳು, ಮೆತ್ತಗೆ. ಮುಂದಿನ ಸಲ ಯಾವಾಗಲೋ, ಅಷ್ಟರಲ್ಲಿ ವಯಸ್ಸು ಮೀರುತ್ತದೋ ಏನೋ.

ಮಧ್ಯಾಹ್ನಕ್ಕೆ ಮುದ್ದೆ, ಸೊಪ್ಪಿನ ಸಾರು. ಅವಳು ನೀರಷ್ಟೇ ಕುಡಿದು ಗೋಡೆ ಕಡೆ ತಿರುಗಿ ಮಲಗಿದಳು. ಈ ದುಃಖಕ್ಕೆ ನನ್ನ ಗಂಟಲಲ್ಲಿ ತುತ್ತು ಇಳಿಯದು ಎಂದುಕೊಂಡೆ. ಎರಡು ಮುದ್ದೆ ಇಳಿದವು. ಪಕ್ಕದಲ್ಲೇ ಉರುಳಿ, ಅವಳು ನಿದ್ದೆ ಹೋಗುವವರೆಗಾದರೂ ತಲೆ ಸವರುತ್ತಿರೋಣ ಎಂದು ಕೈಯಿಟ್ಟೆ. ಮೊದಲು ಗೊರಕೆ ಹೊಡೆದವಳು ನಾನಂತೆ.